ನೇಪಾಳದ ಚರ್ಚೆ ಕುರಿತು ಗುಂಪಿನ ಸದಸ್ಯರಿಗೆ

ಧಾರವಾಡದ ಕೆಲಗೇರಿ ಕೆರೆ ದಂಡೆಯ ಗೆಳೆಯರೆಲ್ಲರಿಗೂ ನಮಸ್ಕಾರ. ನಿನ್ನೆ ನೇಪಾಳದ ಚರ್ಚೆ ರಾತ್ರಿ ಹನ್ನೆರಡೂವರೆಯವರೆಗೆ ನಡೆಯಿತು. ಹತ್ತರ ನಂತರ ಸಂದೇಶ ಬೇಡ ಎಂಬ ನಿಯಮವನ್ನು ಮೊದಲು ಮುರಿದವನು ನಾನೇ. ಕ್ಷಮೆಯಿರಲಿ.

ನೇಪಾಳದಲ್ಲಿ ಓದಿದ ಹೊಸಬರು ರಾಜಕೀಯಕ್ಕೆ ಬಂದು ಗೆಲ್ಲುತ್ತಾರೆ, ನಮ್ಮಲ್ಲಿ ಅವರಿಗೆ ಜಾಗವೇ ಇಲ್ಲ ಎಂದು ಆಡಿದ ಮಾತನ್ನು ಮಾತ್ರ ಹಿಂತೆಗೆದುಕೊಳ್ಳುವುದಿಲ್ಲ. 2022ರಲ್ಲಿ ಹುಟ್ಟಿದ ಅಲ್ಲಿನ ರಾಷ್ಟ್ರೀಯ ಸ್ವತಂತ್ರ ಪಕ್ಷ ಅದೇ ವರ್ಷದ ಸಂಸತ್ ಚುನಾವಣೆಯಲ್ಲಿ 20 ಸ್ಥಾನ ಗೆದ್ದಿತು. ಗೆದ್ದವರಲ್ಲಿ ತೋಶಿಮಾ ಕಾರ್ಕಿ ವೈದ್ಯೆ. ಸೋಬಿತಾ ಗೌತಮ್ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಪಕ್ಷೇತರರಾಗಿ ನಿಂತು ಕಠ್ಮಂಡುವಿನ ಮೇಯರ್ ಆದ ಬಾಲೇನ್ ಶಾ ಅವರ ಎಂ.ಟೆಕ್. ಪದವಿ ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ್ದು! ಅದೇ ಪದವಿ ಹಿಡಿದ ನಮ್ಮ ಹುಡುಗರು ಬೆಂಗಳೂರಿನ ರೈಲು ಹತ್ತುತ್ತಾರೆ. ಇಲ್ಲಿ ಚುನಾವಣೆಯ ಟಿಕೆಟ್ ಹಳೆಯ ನಾಯಕರ ಮಕ್ಕಳಿಗೆ, ಇಲ್ಲವೇ ಅಳಿಯಂದಿರಿಗೆ. ಮತ ಕೇಳಲು ನಮ್ಮ ಓಣಿಗೆ ಬಂದವರ ಮುಖವನ್ನು ಆಮೇಲೆ ಫ್ಲೆಕ್ಸ್‌ನಲ್ಲಿ ಮಾತ್ರ ನೋಡಿದ್ದೇನೆ.

ನೇಪಾಳದವರು ದೇವರಲ್ಲ, ಒಪ್ಪುತ್ತೇನೆ. ಬಾಲೇನ್ ಬೀದಿ ವ್ಯಾಪಾರಿಗಳನ್ನು ಎಬ್ಬಿಸಿದ್ದು ನನಗೂ ಹಿಡಿಸಲಿಲ್ಲ.

ಜಾತಿ ಎತ್ತಿದ ಎರಡು ಸಂದೇಶಗಳನ್ನು ಅಳಿಸಿದ್ದೇನೆ, ಬರೆದವರಿಗೆ ಗೊತ್ತು. ಉಳಿದ ಜಗಳ ಭಾನುವಾರ ಸಂಜೆ ಐದಕ್ಕೆ, ಕೆರೆಯ ದಂಡೆಯಲ್ಲಿ. ಗಿರ್ಮಿಟ್, ಮಿರ್ಚಿಯ ಖರ್ಚು ನನ್ನದು.