ಹೈದರಾಬಾದಿಗೆ ಹೊರಟ ಮಗಳಿಗೆ

ಮಗಳೇ ವಿದ್ಯಾ,

ಹೈದರಾಬಾದು ಬೇಡ, ಇಲ್ಲೇ ಬಿ.ಇಡಿ ಮಾಡು ಅಂದ ಚಿಕ್ಕಪ್ಪನ ಮಾತಿಗೆ ನಿನ್ನೆ ರಾತ್ರಿ ನೀನು ಅರ್ಧ ಊಟಕ್ಕೇ ಎದ್ದು ಹೋದೆ. ಎದುರು ಕೂತು ಸಮಾಧಾನ ಹೇಳೋಣ ಅಂದರೆ ನನಗೆ ಮಾತು ಕೂಡಿ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಬಸ್ಸಿನಲ್ಲಿ ಓದಿಕೋ.

ಅವನ ಚಿಂತೆ ಸುಳ್ಳಲ್ಲ. ಬಿ.ಇಡಿ ಮಾಡಿದರೆ ಕಲ್ಯಾಣ ಕರ್ನಾಟಕದವರಿಗಿರುವ 371(ಜೆ) ಮೀಸಲಾತಿಯಲ್ಲಿ ನಮ್ಮ ಭಾಗದಲ್ಲೇ ಟೀಚರ್ ಕೆಲಸ ಸಿಗಬಹುದು. ತೆಲಂಗಾಣದಲ್ಲಿ ಅದು ನಡೆಯಲ್ಲ. ಖಗೋಳ ವಿಜ್ಞಾನದಲ್ಲಿ ಎಂ.ಎಸ್ಸಿ ಓದಿ ಏನು ಮಾಡ್ತಾಳೆ ಅಂತ ಓಣಿಯಲ್ಲಿ ಕೇಳುತ್ತಾರೆ. ಆದರೂ ನೀನು ಹೋಗಬೇಕು.

1980ರ ಫೆಬ್ರುವರಿ 16, ಶನಿವಾರ. ನಾನಾಗ ಎರಡನೇ ಕ್ಲಾಸು. ಖಗ್ರಾಸ ಸೂರ್ಯಗ್ರಹಣದ ನೆರಳು ಅಂಕೋಲಾ ಕಡೆಯಿಂದ ಬಂದು ನಮ್ಮ ರಾಯಚೂರು ಜಿಲ್ಲೆಯನ್ನೇ ದಾಟಿಕೊಂಡು ಹೋಯಿತು. ಅದನ್ನು ನೋಡಲಿಕ್ಕೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ನಮ್ಮ ಸಿಂಧನೂರು ತಾಲ್ಲೂಕಿನ ಜವಳಗೇರಾಕ್ಕೆ ಬಂದು ಕ್ಯಾಂಪ್ ಹಾಕಿದ್ದರು. ನಮ್ಮೂರಿಂದ ಸೈಕಲ್ ತುಳಿದರೆ ಮುಟ್ಟುವಷ್ಟು ಹತ್ತಿರ. ಇತ್ತ ನಿನ್ನಜ್ಜಿ ಬಾಗಿಲಿಗೆ ಅಗಳಿ ಹಾಕಿ, ಕಿಟಕಿಗೆ ಕೌದಿ ಕಟ್ಟಿ, ನೀರಿನ ಕೊಡದ ಮೇಲೆ ದರ್ಭೆ ಇಟ್ಟಳು. ಮಧ್ಯಾಹ್ನ ಮೂರೂವರೆ ದಾಟಿತ್ತು. ಬಾಗಿಲ ಕೆಳಗಿನ ಸಂದಿಯಲ್ಲಿ ಬರುತ್ತಿದ್ದ ಬೆಳಕು ಸಣ್ಣಗಾಗುತ್ತಾ ಬಂದು ಪೂರ್ತಿ ಹೋಯಿತು. ಹೊರಗೆ ಕೋಳಿಗಳು ಗೂಡಿಗೆ ಓಡಿದ ಸದ್ದು. ನಾನು ಎದ್ದೆ, ಅವ್ವ ರಟ್ಟೆ ಹಿಡಿದು ಕೂರಿಸಿದಳು. ಅವಳ ಕೈ ನಡುಗುತ್ತಿತ್ತು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳಿಗೆ ತಿಳಿಸಿ ಹೇಳುವವರು ಯಾರಿದ್ದರು?

ಅಷ್ಟೇ, ಮೂರು ನಿಮಿಷವೂ ಇಲ್ಲ. ಸೂರ್ಯನ ಕರೋನಾ, ಅಂದರೆ ಅದರ ಸುತ್ತಲಿನ ಹೊರ ಆವರಣ, ನಮ್ಮ ಮಾಳಿಗೆಯ ಮೇಲೇ ಇತ್ತು. ಸೂರ್ಯನ ಮೇಲ್ಮೈ ಐದೂವರೆ ಸಾವಿರ ಡಿಗ್ರಿ, ಅದರ ಹೊರಗಿರುವ ಕರೋನಾ ಹತ್ತು ಲಕ್ಷಕ್ಕೂ ಜಾಸ್ತಿ, ಹಾಗ್ಯಾಕೆ ಅನ್ನುವುದು ಇನ್ನೂ ಪೂರ್ತಿ ಬಿಡಿಸಿಲ್ಲ ಅಂತ ನೀನೇ ಹೇಳಿದ್ದೆ. ಅವತ್ತಿನಿಂದ ನನಗೆ ಆ ಸಂದಿ ಬೆಳಕಿನದೇ ನೆನಪು. ಪ್ರತಿ ಗ್ರಹಣಕ್ಕೂ ಬರುತ್ತದೆ. ಜವಳಗೇರಾ ಮೇಲೆ ಬಸ್ಸು ಹೋದಾಗಲೆಲ್ಲ ಬರುತ್ತದೆ. ನಿನ್ನ ಅಮ್ಮನಿಗೆ ಕೇಳಿ ಕೇಳಿ ಸಾಕಾಗಿದೆ.

ಈಗ ನೀನು ಸೇರುತ್ತಿರುವ ಉಸ್ಮಾನಿಯಾ ವಿಶ್ವವಿದ್ಯಾಲಯದವರದೇ ಜಪಾಲ್-ರಂಗಾಪುರ ವೀಕ್ಷಣಾಲಯ. ಅಲ್ಲಿಂದಲೂ ಅದೇ ಗ್ರಹಣ ನೋಡಿದರು. ಅವರ ಹಳೆಯ ನಿಜಾಮಿಯಾ ವೀಕ್ಷಣಾಲಯದಲ್ಲಿ ಕೆಲಸ ಮಾಡುತ್ತಿದ್ದವರ ಮಗ ಖಗೋಳ ವಿಜ್ಞಾನಿ ವೈನು ಬಾಪು. 1980ರಲ್ಲಿ ಜವಳಗೇರಾಕ್ಕೆ ಬಂದಿದ್ದ ಬೆಂಗಳೂರಿನ ಆ ಸಂಸ್ಥೆಗೆ ಅವರೇ ನಿರ್ದೇಶಕರು. 1956ರ ತನಕ ನಮ್ಮ ರಾಯಚೂರೂ ಹೈದರಾಬಾದ್ ರಾಜ್ಯದಲ್ಲೇ ಇತ್ತು. ಹಾಗಾಗಿ ನೀನು ಹೊರಗಿನವಳು ಅಂದುಕೊಂಡು ಕ್ಲಾಸಿನಲ್ಲಿ ಹಿಂದಿನ ಬೆಂಚಿಗೆ ಹೋಗಿ ಕೂರಬೇಡ.

ಗಣಿತ ಬಿಡಬೇಡ. ನಕ್ಷತ್ರ ನೋಡುವುದಕ್ಕಿಂತ ಲೆಕ್ಕ ಮಾಡುವುದೇ ಜಾಸ್ತಿ ಇರುತ್ತದಂತೆ. ಕಂಪ್ಯೂಟರಿನಲ್ಲಿ ಪೈಥಾನ್ ಪ್ರೋಗ್ರಾಮಿಂಗ್ ಕಲಿ. ಪಿಎಚ್.ಡಿಗೆ ಜೆಸ್ಟ್ ಅನ್ನುವ ಪ್ರವೇಶ ಪರೀಕ್ಷೆ ಬರಿ. ಎನ್‌ಇಟಿ ಅರ್ಹತಾ ಪರೀಕ್ಷೆಯನ್ನೂ ಬರಿ, ಪಾಸಾದರೆ ಕಾಲೇಜಿನಲ್ಲಿ ಪಾಠ ಮಾಡುವ ದಾರಿಯೂ ಇರುತ್ತದೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ವೀಕ್ಷಣೆ ಮುಗಿಸಿ ರಾತ್ರಿ ಒಬ್ಬಳೇ ಹಾಸ್ಟೆಲಿಗೆ ಬರಬೇಡ. ಇದೆಲ್ಲ ನಿನಗೆ ಗೊತ್ತು, ಆದರೂ ಹೇಳದಿದ್ದರೆ ನನಗೆ ನಿದ್ದೆ ಬರಲ್ಲ.

ಫೀಸಿನ ಚಿಂತೆ ಬೇಡ. ಭತ್ತ ಮಾರಿದ ದುಡ್ಡು ನಿನ್ನ ಖಾತೆಗೆ ಹಾಕಿದ್ದೇನೆ. ಟಿಸಿ, ಮೈಗ್ರೇಶನ್, ಅಂಕಪಟ್ಟಿ ಎಲ್ಲ ನೀಲಿ ಫೈಲಿನಲ್ಲಿವೆ. ಮುಟ್ಟಿದ ಕೂಡಲೇ ಅಮ್ಮನಿಗೆ ಫೋನ್ ಮಾಡು, ಆಮೇಲೆ ಚಿಕ್ಕಪ್ಪನಿಗೂ ಒಂದು ಮಾಡು.

ನಿನ್ನ ಅಪ್ಪ