ಒಂದೇ ತಾರೀಖು, ಬೇರೆ ಬೇರೆ ಕಥೆ: ಟೀಚರ್ ಆದ ಮಗಳಿಗೆ ದೊಡ್ಡಪ್ಪನ ಪತ್ರ

ಗೌರಿಬಿದನೂರು

ಪ್ರೀತಿಯ ಪುಟ್ಟಿ,

ದೊಡ್ಡಪ್ಪನ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಬೆಳಗಿನ ಪ್ರಾರ್ಥನೆಯಲ್ಲಿ ‘ಇತಿಹಾಸದಲ್ಲಿ ಈ ದಿನ’ ಓದಿಸುವ ಕೆಲಸ ನಿನಗೆ ಕೊಟ್ಟಿದ್ದಾರೆ ಅಂತ ನಿಮ್ಮಪ್ಪ ಫೋನಿನಲ್ಲಿ ಹೇಳಿದ. ನೀನು ಕಳಿಸಿದ ಪಟ್ಟಿಯನ್ನೂ ಪೂರ್ತಿ ಓದಿದೆ. ಇಡೀ ವರ್ಷಕ್ಕೆ ಆಗುವಷ್ಟು ಸಂಗತಿಗಳನ್ನು ಕಲೆಹಾಕಿದ್ದೀಯ. ಹೊಸದಾಗಿ ಕೆಲಸಕ್ಕೆ ಸೇರಿದವಳು ಇಷ್ಟು ಆಸಕ್ತಿಯಿಂದ ಮಾಡಿದ್ದು ನೋಡಿ ತುಂಬಾ ಸಂತೋಷವಾಯಿತು.

ಆದರೆ ಆ ಪಟ್ಟಿಯನ್ನು ಹಾಗೇ ಓದಿಸಬೇಡಮ್ಮ. ಮಕ್ಕಳು ಸಾಲಾಗಿ ಬಿಸಿಲಲ್ಲಿ ನಿಂತಿರುತ್ತಾರೆ. ಕಣ್ಣು ಹಾಲಿನ ಲೋಟದ ಕಡೆ ಇರುತ್ತದೆ. ಆ ಹೊತ್ತಿನಲ್ಲಿ ಹತ್ತು ಹನ್ನೆರಡು ಸಂಗತಿಗಳನ್ನು ಒಂದರ ಹಿಂದೆ ಒಂದು ಓದಿದರೆ ಯಾವುದೂ ತಲೆಯಲ್ಲಿ ನಿಲ್ಲುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಒಂದೇ ತಾರೀಖಿನ ಸಂಗತಿಗಳನ್ನು ಒಟ್ಟಿಗೆ ಕೇಳಿದ ಮಗುವಿಗೆ ಅವಕ್ಕೆಲ್ಲ ಏನೋ ನಂಟಿದೆ ಅನಿಸುತ್ತದೆ. ‘ಈ ತಾರೀಖೇ ಕೆಟ್ಟದ್ದು’, ‘ಈ ದಿನದಲ್ಲಿ ಏನೋ ವಿಶೇಷ ಇದೆ’ ಅನ್ನುವ ಮಾತು ಹುಟ್ಟುವುದು ಹೀಗೇ. ವರ್ಷಕ್ಕೆ ಇರುವುದು 365 ದಿನ, ಅಧಿಕ ವರ್ಷದಲ್ಲಿ ಇನ್ನೊಂದು. ಸಾವಿರಾರು ವರ್ಷಗಳ ಯುದ್ಧ, ಹುಟ್ಟು, ಸಾವು ಎಲ್ಲವೂ ಅಷ್ಟರಲ್ಲೇ ಹಿಡಿಸಬೇಕು. ಯಾವ ತಾರೀಖು ತೆಗೆದರೂ ಏನಾದರೂ ಸಿಕ್ಕೇ ಸಿಗುತ್ತದೆ. ಆದ್ದರಿಂದ ನಂಟನ್ನು ತಾರೀಖಿನಲ್ಲಿ ಹುಡುಕಬೇಡ. ನಿಜವಾದ ನಂಟು ಎಲ್ಲಿದೆ ಅಂತ ಹುಡುಕಿ ಮಕ್ಕಳಿಗೆ ತೋರಿಸು.

ನಿನ್ನ ಪಟ್ಟಿಯಲ್ಲಿರುವ ಏಪ್ರಿಲ್ 25ನ್ನೇ ತೆಗೆದುಕೊ. 1859ರಲ್ಲಿ ಆ ದಿನ ಈಜಿಪ್ಟಿನ ಸೂಯೆಜ್ ಕಾಲುವೆ ಅಗೆಯಲು ಶುರುಮಾಡಿದರು. 1915ರಲ್ಲಿ ಅದೇ ದಿನ, ಮೊದಲ ಮಹಾಯುದ್ಧದಲ್ಲಿ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸೈನಿಕರು ಟರ್ಕಿಯ ಗ್ಯಾಲಿಪೊಲಿಯ ದಡಕ್ಕೆ ಇಳಿದರು. ತಾರೀಖು ಒಂದಾದದ್ದು ಬರೀ ಆಕಸ್ಮಿಕ. ಆದರೆ ಅದೇ ಕಾಲುವೆಯನ್ನು ದಾಟಿಯೇ ಆ ಸೈನಿಕರು ಮೊದಲು ಈಜಿಪ್ಟಿಗೆ ಬಂದದ್ದು. ಆ ಯುದ್ಧದಲ್ಲಿ ಕಾಲುವೆಯನ್ನು ಕಾಯಲು ಹೋದವರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆಯವರೂ ಇದ್ದರು. ಇದು ನಂಟು. ಭೂಪಟ ಬಿಡಿಸಿ ಬೆರಳಿಟ್ಟು ತೋರಿಸಬಹುದಾದ ನಂಟು.

ಪಟ್ಟಿಯಲ್ಲಿ ಇಷ್ಟೆಲ್ಲ ಇದ್ದೂ ಏಪ್ರಿಲ್ 25ರ ಕೆಳಗೆ ನಮ್ಮ ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥ ಇಲ್ಲ. ಇದನ್ನು ನೋಡಿ ನನಗೆ ನಿಜವಾಗಿ ಬೇಜಾರಾಯಿತು. ನಿನ್ನ ತಪ್ಪಲ್ಲ, ನೀನು ನೋಡಿದ ಕಡೆಯೆಲ್ಲ ಅದು ಇರುವುದಿಲ್ಲ. ಹೊರಗಿನವರು ಮಾಡಿದ ಪಟ್ಟಿಯಲ್ಲಿ ನಮ್ಮ ಊರು ಬರುವುದು ಕಡಿಮೆ. ನಾವೇ ಸೇರಿಸಬೇಕು.

1938ರ ಏಪ್ರಿಲ್ ಎರಡನೇ ವಾರದಲ್ಲಿ ಮದ್ದೂರಿನ ಹತ್ತಿರದ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರ ಮುಂದಾಳುತನದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಬಾವುಟ ಹಾರಿಸಬಾರದು ಅಂತ ಸರ್ಕಾರದ ಆಜ್ಞೆ, ಹಾರಿಸಿಯೇ ತೀರುತ್ತೇವೆ ಅಂತ ಜನರ ಹಟ. ಅಲ್ಲಿಂದ ಅದು ಸಂಸ್ಥಾನದ ಊರೂರಿಗೂ ಹಬ್ಬಿತು. ಏಪ್ರಿಲ್ 25ರಂದು, ಸೋಮವಾರ, ವಿದುರಾಶ್ವತ್ಥದಲ್ಲಿ ಜಾತ್ರೆಗೆ ಸೇರಿದ್ದ ಜನರ ನಡುವೆ ಸಭೆ ನಡೆಯಿತು. ಪೊಲೀಸರು ಗುಂಡು ಹಾರಿಸಿದರು. ಸತ್ತವರು ಎಷ್ಟು ಅನ್ನುವುದರಲ್ಲಿ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ತುಂಬಾ ಅಂತರ. ಸರ್ಕಾರ ಹೇಳಿದ್ದು ಹತ್ತರ ಆಸುಪಾಸು. ಜನ ಹೇಳುವುದು ಮೂವತ್ತಕ್ಕೂ ಜಾಸ್ತಿ. ಎರಡನ್ನೂ ಮಕ್ಕಳಿಗೆ ಹೇಳು. ಎರಡು ಲೆಕ್ಕ ಯಾಕೆ ಬಂತು ಅಂತ ಅವರೇ ಕೇಳಲಿ. ಆ ಒಂದು ಪ್ರಶ್ನೆ ಬಂದರೆ ಪ್ರಾರ್ಥನೆಯ ಆ ಐದು ನಿಮಿಷ ಸಾರ್ಥಕ.

ಈ ಕಥೆ ಹೇಳುವಾಗ ಎರಡು ವಿಷಯದಲ್ಲಿ ಹುಷಾರಾಗಿರು. ಮೊದಲನೆಯದು, ಗುಂಡು ಹಾರಿಸಿದವರು ಬ್ರಿಟಿಷ್ ಸೈನಿಕರು ಅಂತಲೇ ಮಕ್ಕಳು ಅಂದುಕೊಳ್ಳುತ್ತಾರೆ. ಅಲ್ಲ. ಅವರು ಮೈಸೂರು ಸಂಸ್ಥಾನದ ಪೊಲೀಸರು. ಆಗ ಮಹಾರಾಜರು ನಾಲ್ವಡಿ ಕೃಷ್ಣರಾಜ ಒಡೆಯರ್, ದಿವಾನರು ಮಿರ್ಜಾ ಇಸ್ಮಾಯಿಲ್. ಅಣೆಕಟ್ಟು, ಶಾಲೆ, ಕಾರ್ಖಾನೆ ಅಂತ ನಾವು ಇವತ್ತಿಗೂ ನೆನೆಯುವ ಅದೇ ಆಡಳಿತ. ‘ದಕ್ಷಿಣದ ಜಲಿಯನ್‌ವಾಲಾ ಬಾಗ್’ ಅಂತ ಇದನ್ನು ಕರೆಯುವುದರಿಂದ ಈ ಗೊಂದಲ ಇನ್ನೂ ಹೆಚ್ಚಾಗುತ್ತದೆ. ಒಳ್ಳೆಯ ಕೆಲಸ ಮಾಡಿದ ಸರ್ಕಾರದ ಪೊಲೀಸರೇ ಜಾತ್ರೆಯ ಜನರ ಮೇಲೆ ಗುಂಡು ಹಾರಿಸಿದರು ಅನ್ನುವುದನ್ನು ಮರೆಮಾಚದೆ ಹೇಳು. ಹೈಸ್ಕೂಲ್ ಮಕ್ಕಳಿಗೆ ಅದು ಅರ್ಥವಾಗುತ್ತದೆ. ಎರಡನೆಯದು ಬಾವುಟ. ಅವತ್ತಿನ ತ್ರಿವರ್ಣದ ನಡುವೆ ಇದ್ದದ್ದು ಚರಕ. ಅಶೋಕ ಚಕ್ರದ ಈಗಿನ ಧ್ವಜವನ್ನು ಒಪ್ಪಿಕೊಂಡದ್ದು 1947ರ ಜುಲೈ 22ರಂದು. ಮಕ್ಕಳು ಚಿತ್ರ ಬಿಡಿಸುವಾಗ ಚರಕವನ್ನೇ ಬಿಡಿಸಲಿ.

ಆ ದಿನದೊಂದಿಗೆ ಕಥೆ ಮುಗಿಯುವುದಿಲ್ಲ. ‘ಈ ದಿನ’ ಅಂತ ಓದಿ ನಿಲ್ಲಿಸಿದರೆ ಮುಂದಿನದು ತಪ್ಪಿಹೋಗುತ್ತದೆ, ಅಲ್ವಾ? ವಿದುರಾಶ್ವತ್ಥದ ಸುದ್ದಿ ದೇಶವೆಲ್ಲ ಹರಡಿತು. ವಲ್ಲಭಭಾಯಿ ಪಟೇಲರು, ಆಚಾರ್ಯ ಕೃಪಲಾನಿಯವರು ಬಂದು ದಿವಾನರ ಜೊತೆ ಮಾತಾಡಿದರು. ಮುಂದಿನ ತಿಂಗಳು ಮಿರ್ಜಾ–ಪಟೇಲ್ ಒಪ್ಪಂದವಾಯಿತು. ಮೈಸೂರು ಕಾಂಗ್ರೆಸ್ಸನ್ನು ಸರ್ಕಾರ ಒಪ್ಪಿಕೊಂಡಿತು. ಸಂಸ್ಥಾನದ ಬಾವುಟದ ಜೊತೆ ತ್ರಿವರ್ಣವನ್ನೂ ಹಾರಿಸಬಹುದು ಅಂತಾಯಿತು. ನಮ್ಮ ಕಡೆಯ ಸಾಮಾನ್ಯ ಜನ, ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ ಆಡುವ ರೈತರು, ಪ್ರಾಣ ಕೊಟ್ಟದ್ದರ ಫಲ ಅದು. ಇದನ್ನು ಬರೆಯುವಾಗ ಈಗಲೂ ನನ್ನ ಗಂಟಲು ಕಟ್ಟುತ್ತದೆ.

ಇನ್ನು 1945ರ ಏಪ್ರಿಲ್ 25. ಅವತ್ತು ಜರ್ಮನಿಯ ಎಲ್ಬೆ ನದಿಯ ದಡದಲ್ಲಿ ಅಮೆರಿಕದ ಸೈನಿಕರೂ ರಷ್ಯಾದ ಸೈನಿಕರೂ ಎದುರುಬದುರಾಗಿ ಕೈಕುಲುಕಿದರು. ಅದೇ ದಿನ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವಿಶ್ವಸಂಸ್ಥೆ ಕಟ್ಟುವ ಸಮ್ಮೇಳನ ಶುರುವಾಯಿತು. ಸಮ್ಮೇಳನದ ತಾರೀಖು ತಿಂಗಳುಗಳ ಮುಂಚೆಯೇ ಗೊತ್ತಾಗಿತ್ತು. ಸೈನಿಕರು ಅವತ್ತೇ ಸಿಕ್ಕಿದ್ದು ಆಕಸ್ಮಿಕ. ಆದರೂ ಎರಡರ ಹಿಂದೆಯೂ ಇದ್ದದ್ದು ಒಂದೇ ಯುದ್ಧ. ಆ ಸಮ್ಮೇಳನದಲ್ಲಿ ಭಾರತದ ನಿಯೋಗದ ಮುಖಂಡರಾಗಿದ್ದವರು ಎ. ರಾಮಸ್ವಾಮಿ ಮೊದಲಿಯಾರ್. ಮರುವರ್ಷ ಅವರೇ ಮೈಸೂರಿನ ದಿವಾನರಾದರು. 1947ರ ಸೆಪ್ಟೆಂಬರಿನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ, ಅಂದರೆ ಜನರಿಗೆ ಉತ್ತರ ಕೊಡಬೇಕಾದ ಸರ್ಕಾರಕ್ಕಾಗಿ, ಜನ ‘ಮೈಸೂರು ಚಲೋ’ ಮಾಡಿದ್ದು ಅವರ ಆಡಳಿತದ ಎದುರಿಗೆ. ಅದು ಗೆದ್ದಾಗ ಮೊದಲ ಮುಖ್ಯಮಂತ್ರಿಯಾದವರು ಕೆ.ಸಿ. ರೆಡ್ಡಿ, ನಮ್ಮ ಕೋಲಾರದ ಕಡೆಯ ಕ್ಯಾಸಂಬಳ್ಳಿಯವರು. ನೋಡು, 1938ರ ಏಪ್ರಿಲ್ 25ರಿಂದ 1945ರ ಏಪ್ರಿಲ್ 25ಕ್ಕೆ ಒಂದು ದಾರಿ ಇದೆ. ಆ ದಾರಿ ಹಾದುಹೋಗುವುದು ಮೈಸೂರಿನ ದಿವಾನರ ಕುರ್ಚಿಯ ಮೂಲಕ. ತಾರೀಖನ್ನು ಮಾತ್ರ ನೋಡಿದವರಿಗೆ ಅದು ಕಾಣುವುದಿಲ್ಲ.

ತಾರೀಖು ಯಾವಾಗಲೂ ಆಕಸ್ಮಿಕ ಅಂತಲೂ ಹೇಳಬೇಡ. ಬೇಕಂತಲೇ ಆರಿಸಿದ ತಾರೀಖುಗಳೂ ಇವೆ. ಸಂವಿಧಾನವನ್ನು ಅಂಗೀಕರಿಸಿದ್ದು 1949ರ ನವೆಂಬರ್ 26ರಂದು. ಜಾರಿಗೆ ತಂದದ್ದು 1950ರ ಜನವರಿ 26ಕ್ಕೆ. ಯಾಕೆಂದರೆ 1930ರ ಜನವರಿ 26ರಂದು ದೇಶವೆಲ್ಲ ಪೂರ್ಣ ಸ್ವರಾಜ್ಯದ ಪ್ರತಿಜ್ಞೆ ಮಾಡಿತ್ತು. ಆಗಸ್ಟ್ 15ನ್ನು ಮೌಂಟ್‌ಬ್ಯಾಟನ್ ಆರಿಸಿದ್ದು 1945ರಲ್ಲಿ ಜಪಾನ್ ಶರಣಾದ ದಿನ ಅಂತ. ನವೆಂಬರ್ 1ರ ವಿಷಯ ನಿನಗೇ ಗೊತ್ತು: 1956ರಲ್ಲಿ ರಾಜ್ಯ ಒಂದಾಯಿತು, 1973ರಲ್ಲಿ ಅದೇ ದಿನ ಕರ್ನಾಟಕ ಅನ್ನುವ ಹೆಸರು ಬಂತು. ಇಂಥ ಕಡೆ ‘ಇದೇ ದಿನ ಯಾಕೆ?’ ಅಂತ ಕೇಳಿದರೆ ಉತ್ತರ ಸಿಗುತ್ತದೆ. ಬೇರೆ ಕಡೆ ಸಿಗುವುದಿಲ್ಲ.

ಏಪ್ರಿಲ್ 23ರ ಕೆಳಗೆ ನೀನು ‘1616ರಲ್ಲಿ ಷೇಕ್ಸ್‌ಪಿಯರ್, ಸರ್ವಾಂಟಿಸ್ ಇಬ್ಬರೂ ಒಂದೇ ದಿನ ತೀರಿಕೊಂಡರು’ ಅಂತ ಬರೆದಿದ್ದೀಯ. ಅದನ್ನು ತೆಗೆದುಬಿಡು. ಸರ್ವಾಂಟಿಸ್ ಸ್ಪೇನಿನ ಸಾಹಿತಿ. ಆಗ ಸ್ಪೇನಿನಲ್ಲಿ ಹೊಸ ಗ್ರೆಗೋರಿಯನ್ ಕ್ಯಾಲೆಂಡರ್ ಇತ್ತು. ಇಂಗ್ಲೆಂಡಿನಲ್ಲಿ ಹಳೆಯ ಜೂಲಿಯನ್ ಕ್ಯಾಲೆಂಡರೇ ನಡೆಯುತ್ತಿತ್ತು, 1752ರವರೆಗೂ. ಎರಡಕ್ಕೂ ಆಗ ಹತ್ತು ದಿನದ ವ್ಯತ್ಯಾಸ. ಇಂಗ್ಲೆಂಡಿನ ಏಪ್ರಿಲ್ 23 ಅಂದರೆ ಸ್ಪೇನಿನಲ್ಲಿ ಮೇ 3. ಅದೂ ಅಲ್ಲದೆ ಸರ್ವಾಂಟಿಸ್ ತೀರಿಕೊಂಡದ್ದು 22ಕ್ಕೆ, ಮಣ್ಣು ಮಾಡಿದ್ದು 23ಕ್ಕೆ. ನಮ್ಮ ಮಕ್ಕಳಿಗೆ ಇದು ಕಷ್ಟವಲ್ಲ. ಯುಗಾದಿ ಪ್ರತಿ ವರ್ಷ ಬೇರೆ ಬೇರೆ ತಾರೀಖಿಗೆ ಬರುವುದನ್ನು ನೋಡಿಯೇ ಬೆಳೆದವರು ಅವರು.

ಡಿಎನ್‌ಎ ವಿಷಯವನ್ನೂ ತಿದ್ದು. 1953ರ ಏಪ್ರಿಲ್ 25 ಅದರ ರಚನೆಯನ್ನು ಕಂಡುಹಿಡಿದ ದಿನವಲ್ಲ, ‘ನೇಚರ್’ ಪತ್ರಿಕೆಯಲ್ಲಿ ಅಚ್ಚಾದ ದಿನ. ಅದೇ ಸಂಚಿಕೆಯಲ್ಲಿ ಮೂರು ಲೇಖನ ಇದ್ದವು. ಒಂದು ವಾಟ್ಸನ್ ಮತ್ತು ಕ್ರಿಕ್ ಅವರದು, ಒಂದು ವಿಲ್ಕಿನ್ಸ್ ಮತ್ತು ಜೊತೆಗಾರರದು, ಮತ್ತೊಂದು ರೊಸಾಲಿಂಡ್ ಫ್ರಾಂಕ್ಲಿನ್ ಮತ್ತು ಗೋಸ್ಲಿಂಗ್ ಅವರದು. ನಿನ್ನ ಪಟ್ಟಿಯಲ್ಲಿ ಮೊದಲ ಇಬ್ಬರ ಹೆಸರು ಮಾತ್ರ ಇದೆ. ಫ್ರಾಂಕ್ಲಿನ್ 1958ರಲ್ಲೇ ತೀರಿಕೊಂಡರು, 1962ರ ನೊಬೆಲ್ ಮೂವರು ಗಂಡಸರಿಗೆ ಹೋಯಿತು. ನಿನ್ನ ಕ್ಲಾಸಿನ ಹೆಣ್ಣುಮಕ್ಕಳು ಆ ಹೆಸರನ್ನು ಕೇಳಲೇಬೇಕು.

2015ರ ನೇಪಾಳದ ಭೂಕಂಪವೂ ಏಪ್ರಿಲ್ 25ರಂದೇ. ತೀವ್ರತೆ 7.8, ಸತ್ತವರು ಸುಮಾರು 9,000. ಅಲ್ಲಿ ತಾರೀಖಿಗಿಂತ ಮುಖ್ಯವಾದದ್ದು ವಾರ. ಅವತ್ತು ಶನಿವಾರ, ನೇಪಾಳದಲ್ಲಿ ವಾರದ ರಜೆ. ಸಾವಿರಾರು ಶಾಲೆಗಳು ಬಿದ್ದುಹೋದರೂ ಕೊಠಡಿಗಳಲ್ಲಿ ಮಕ್ಕಳು ಇರಲಿಲ್ಲ.

ಈಗ ಕೊನೆಯ ಮಾತು, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಸೆಪ್ಟೆಂಬರ್ 15ಕ್ಕೆ ಸ್ಕೂಲು ಇರುತ್ತದೆ. ಆದ್ದರಿಂದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಹುಟ್ಟುಹಬ್ಬ ನಮ್ಮ ಜಿಲ್ಲೆಯ ಪ್ರತಿ ಮಗುವಿಗೂ ಗೊತ್ತು. ಏಪ್ರಿಲ್ 25 ಬರುವುದು ಬೇಸಿಗೆ ರಜೆಯಲ್ಲಿ. ಅವತ್ತು ಪ್ರಾರ್ಥನೆಯೇ ಇಲ್ಲ, ಓದುವವರೂ ಇಲ್ಲ. ತಾರೀಖಿಗಾಗಿ ಕಾಯುತ್ತಾ ಕೂತರೆ ವಿದುರಾಶ್ವತ್ಥದ ಹೆಸರನ್ನು ನಿನ್ನ ಮಕ್ಕಳು ಹತ್ತನೇ ಕ್ಲಾಸು ಮುಗಿಸುವವರೆಗೂ ಪ್ರಾರ್ಥನೆಯಲ್ಲಿ ಕೇಳುವುದೇ ಇಲ್ಲ. ಕಾಯಬೇಡ. ಜುಲೈ 22ಕ್ಕೆ ಧ್ವಜದ ವಿಷಯ ಬರುತ್ತದಲ್ಲ, ಅವತ್ತೇ ಹೇಳು. ಇಲ್ಲ, ಆಗಸ್ಟ್ 15ರ ಹಿಂದಿನ ವಾರ ಹೇಳು. ಹೆಡ್‌ಮಾಸ್ಟರು ‘ಇವತ್ತಿನ ತಾರೀಖಿಗೆ ಇದು ಹೊಂದುವುದಿಲ್ಲವಲ್ಲ’ ಅಂದರೆ, ರಜೆಯ ವಿಷಯ ಬಿಡಿಸಿ ಹೇಳು, ಖಂಡಿತ ಒಪ್ಪುತ್ತಾರೆ.

ಆಗುವುದಾದರೆ ಮಕ್ಕಳನ್ನು ಒಮ್ಮೆ ಇಲ್ಲಿಗೇ ಕರೆದುಕೊಂಡು ಬಾ. ಗೌರಿಬಿದನೂರಿನಿಂದ ಹತ್ತಿರವೇ, ಉತ್ತರ ಪಿನಾಕಿನಿಯ ದಡ. ಸ್ಮಾರಕ, ವೀರಸೌಧ ಎರಡನ್ನೂ ನೋಡಬಹುದು. ದೇವಸ್ಥಾನದ ಅಂಗಳದ ನಾಗರಕಲ್ಲುಗಳನ್ನು ನೋಡಿಯೇ ಎಲ್ಲರೂ ವಾಪಸ್ ಹೋಗುತ್ತಾರೆ. ನೀನು ಮೊದಲು ಸ್ಮಾರಕಕ್ಕೆ ಕರೆದುಕೊಂಡು ಹೋಗು. ಜಾಗ ತೋರಿಸಲು, ಕಥೆ ಹೇಳಲು ನಾನು ಬರುತ್ತೇನೆ. ಊಟಕ್ಕೆ ನಿಮ್ಮ ದೊಡ್ಡಮ್ಮ ಚಿತ್ರಾನ್ನ, ಮೊಸರನ್ನ ಮಾಡಿಕೊಡುತ್ತಾಳಂತೆ. ಎಷ್ಟು ಮಕ್ಕಳು ಅಂತ ಒಂದು ವಾರ ಮುಂಚೆ ತಿಳಿಸು.

ಜೂನ್‌ನಿಂದ ಆಗಸ್ಟ್‌ವರೆಗಿನ ಪಟ್ಟಿಯನ್ನು ಮೊದಲು ತಿದ್ದಿ ಕಳಿಸು, ನೋಡಿಕೊಡುತ್ತೇನೆ. ದಿನಕ್ಕೆ ಒಂದೇ ಸಂಗತಿ ಸಾಕು. ಆರೋಗ್ಯ ನೋಡಿಕೊ.

ಇಂತಿ ನಿನ್ನ,
ದೊಡ್ಡಪ್ಪ