ರಜಾ ಚೀಟಿಯಲ್ಲಿ ನಿಜ ಬರೆಯಿರಿ

ಚಿಕ್ಕಮಗಳೂರು, ಜನವರಿ

ಪ್ರಿಯ ಪೋಷಕರೇ,

ಈ ತಿಂಗಳು ನನ್ನ ಮೇಜಿನ ಮೇಲೆ ರಜಾ ಚೀಟಿಗಳ ರಾಶಿಯೇ ಬಿದ್ದಿದೆ. ಎಲ್ಲದರಲ್ಲೂ ಒಂದೇ ಕಾಯಿಲೆ: ಜ್ವರ. ತೋಟಗಳಲ್ಲಿ ಕಾಫಿ ಕೊಯ್ಲು ಜೋರಾದಾಗ ಊರಿಗೆಲ್ಲ ಜ್ವರ ಬರುವುದು ವರ್ಷವರ್ಷದ ವಾಡಿಕೆ. ಮೂಡಿಗೆರೆ ಕಡೆ ಮದುವೆಯಿದ್ದರಂತೂ ಅದು ಎರಡು ದಿನ ಜಾಸ್ತಿ ಇರುತ್ತದೆ. ಇಷ್ಟು ವರ್ಷ ನಾನೂ ನಕ್ಕು ಸಹಿ ಹಾಕುತ್ತಿದ್ದೆ.

ಕಳೆದ ವಾರ ಮೂರನೇ ಕ್ಲಾಸಿನ ಹುಡುಗನೊಬ್ಬ ಚೀಟಿ ತಂದ. ಪ್ರಥಮ ಪರಮಪ್ರಸಾದಕ್ಕೆ, ಅಂದರೆ ಚರ್ಚಿನ ಪೂಜೆಯಲ್ಲಿ ಮೊದಲ ಸಲ ಪವಿತ್ರ ರೊಟ್ಟಿ ಸ್ವೀಕರಿಸುವುದಕ್ಕೆ, ತಯಾರಾಗುತ್ತಿರುವ ಕಥೋಲಿಕ ಹುಡುಗ. ಅದಕ್ಕೆ ಮುಂಚೆ ಅವನು ಪಾಪನಿವೇದನೆ ಮಾಡಬೇಕು, ಅಂದರೆ ತನ್ನ ತಪ್ಪುಗಳನ್ನು ಫಾದರ್ ಹತ್ತಿರ ಹೇಳಿಕೊಳ್ಳಬೇಕು. ಚೀಟಿ ಕೊಟ್ಟವನು ಹೋಗಲಿಲ್ಲ, ಬಾಗಿಲ ಚಿಲಕ ತಿರುಗಿಸುತ್ತ ನಿಂತ. ಆಮೇಲೆ ಕೇಳಿದ: "ಮಿಸ್, ಅಮ್ಮ ಹೇಳು ಅಂದಿದ್ದಕ್ಕೆ ಜ್ವರ ಅಂದೆ. ಫಾದರ್ ಹತ್ರ ಪಾಪನಿವೇದನೆ ಮಾಡೋವಾಗ ಇದನ್ನ ನಾನು ಹೇಳ್ಬೇಕಾ, ಅಮ್ಮ ಹೇಳ್ಬೇಕಾ?"

(ಯಾರ ಮಗು ಎಂದು ಹುಡುಕಬೇಡಿ. ಒಂದೆರಡು ವಿವರ ಬದಲಿಸಿದ್ದೇನೆ.)

ಏಳು ವರ್ಷ ತುಂಬಿದ ಮಗುವಿಗೆ ಸರಿತಪ್ಪಿನ ವಿವೇಚನೆ ಬಂದಿದೆ ಎಂದೇ ಕಥೋಲಿಕ ಧರ್ಮಸಭೆ (ಚರ್ಚ್) ಎಣಿಸುತ್ತದೆ. ಈ ಹುಡುಗನಿಗೆ ಬಂದಿತ್ತು, ಅದಕ್ಕೇ ಅವನು ಸಿಕ್ಕಿಹಾಕಿಕೊಂಡಿದ್ದ. ದೇವರ ಹತ್ತು ಕಟ್ಟಳೆಗಳಲ್ಲಿ ತಂದೆತಾಯಿಯನ್ನು ಗೌರವಿಸು ಎನ್ನುವುದು ನಾಲ್ಕನೆಯದು, ಸುಳ್ಳುಸಾಕ್ಷಿ ಹೇಳಬೇಡ ಎನ್ನುವುದು ಎಂಟನೆಯದು. ಒಂದನ್ನು ಉಳಿಸಿಕೊಳ್ಳಲು ಇನ್ನೊಂದನ್ನು ಮುರಿಯುವ ಇಕ್ಕಟ್ಟಿಗೆ ಅವನನ್ನು ನೂಕಿದವರು ದೊಡ್ಡವರಾದ ನಾವು.

ಕಥೋಲಿಕ ಬೋಧನೆಯನ್ನು ಒಟ್ಟುಗೂಡಿಸಿದ 1992ರ ಧರ್ಮೋಪದೇಶ ಗ್ರಂಥ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಮನೆಯಲ್ಲಿರುವಷ್ಟು ಕಾಲ ಮಗು ತನ್ನ ಒಳಿತಿಗಾಗಿ ಹೆತ್ತವರು ಹೇಳಿದ್ದನ್ನು ಕೇಳಬೇಕು, ಶಿಕ್ಷಕರ ಯುಕ್ತವಾದ ಮಾತನ್ನೂ ಕೇಳಬೇಕು. ಆದರೆ ಹೇಳಿದ ಕೆಲಸ ತಪ್ಪೆಂದು ಅಂತಃಸಾಕ್ಷಿಗೆ ಖಚಿತವಾದರೆ ಮಾಡಕೂಡದು.

ಆ "ಶಿಕ್ಷಕರ" ಎಂಬ ಮಾತು ನನಗೂ ಚುಚ್ಚುತ್ತದೆ. ಹಿಂದೆ ಬೇರೊಂದು ಶಾಲೆಯಲ್ಲಿದ್ದಾಗ, ತಪಾಸಣೆಗೆ ಬಂದವರು ಕೇಳಿದರೆ "ವಾರಕ್ಕೊಮ್ಮೆ ಪ್ರಯೋಗ ಮಾಡ್ತೀವಿ ಸಾರ್" ಅನ್ನಿ ಎಂದು ಮಕ್ಕಳಿಗೆ ಹೇಳಿಕೊಟ್ಟವಳು ನಾನೇ. ಪ್ರಯೋಗದ ಸಾಮಾನೆಲ್ಲ ಬೀರುವಿನೊಳಗಿತ್ತು, ಬೀಗ ತುಕ್ಕು ಹಿಡಿದಿತ್ತು. ನಲವತ್ತು ಮಕ್ಕಳೂ ಒಂದೇ ದನಿಯಲ್ಲಿ ಹೇಳಿದರು. ಎಷ್ಟು ಶಿಸ್ತಿನ ಮಕ್ಕಳು ಎಂದು ಬಂದವರು ಹೊಗಳಿದರು, ನಾನು ಬೀಗಿದೆ. ಅವತ್ತು ಯಾರಾದರೊಬ್ಬ ಮಾತು ಕೇಳದೆ ಬಾಯಿ ಮುಚ್ಚಿಕೊಂಡಿದ್ದರೆ ಅವನಿಗೆ ನನ್ನಿಂದ ಬೈಗುಳ ಗ್ಯಾರಂಟಿ ಇತ್ತು.

ಆದ್ದರಿಂದ ಇನ್ನು ಮುಂದೆ ಚೀಟಿಯಲ್ಲಿ ಮದುವೆ ಇದ್ದರೆ ಮದುವೆ ಎಂದೇ ಬರೆಯಿರಿ. ಕೊಯ್ಲಿನ ಕಾಲಕ್ಕೆ ಮನೆಯಲ್ಲಿ ಪುಟ್ಟ ಕೂಸನ್ನು ನೋಡಿಕೊಳ್ಳುವವರಿಲ್ಲದಿದ್ದರೆ ಅದನ್ನೇ ಬರೆಯಿರಿ, ಬಿಟ್ಟುಹೋದ ಪಾಠಕ್ಕೆ ದಾರಿ ಹುಡುಕೋಣ. ಆಕ್ಷೇಪವಿದ್ದರೆ ನಿಮ್ಮ ಹತ್ತಿರ ಹೇಳುತ್ತೇನೆ, ಮಗುವನ್ನು ನಡುವೆ ನಿಲ್ಲಿಸುವುದಿಲ್ಲ. ಇಷ್ಟು ಎಲ್ಲ ಮನೆಗಳಿಗೂ.

ಕಥೋಲಿಕ ಮನೆಗಳಿಗೆ ಇನ್ನೊಂದು ಕೋರಿಕೆ. ರಾತ್ರಿ ಜಪಸರದ ಪ್ರಾರ್ಥನೆ ಮುಗಿದ ಮೇಲೆ ಎರಡು ನಿಮಿಷ ಆತ್ಮಶೋಧನೆಗೆ ಕೂರಿ. ಮಕ್ಕಳನ್ನು ಮೊದಲು ಕೇಳಬೇಡಿ. "ಇವತ್ತು ಅಂಗಡಿಯವನು ಹೆಚ್ಚು ಚಿಲ್ಲರೆ ಕೊಟ್ಟ, ನಾನು ವಾಪಸ್ ಕೊಡಲಿಲ್ಲ" ಎಂಬಂಥದ್ದನ್ನು ಅಪ್ಪನೇ ಮೊದಲು ಹೇಳಲಿ. ಮಾರನೇ ದಿನ ಹೋಗಿ ಕೊಟ್ಟೂ ಬರಲಿ, ಮಗುವನ್ನು ಜೊತೆಗೆ ಕರೆದುಕೊಂಡು.

ಆ ಹುಡುಗನಿಗೆ ನಾನು ಹೇಳಿದ್ದು ಇಷ್ಟೇ: "ನಿನ್ನದನ್ನ ನೀನು ಹೇಳು, ಅಮ್ಮನದನ್ನ ಅಮ್ಮ ನೋಡ್ಕೋತಾರೆ." ಅವನು ಸ್ವಲ್ಪ ಯೋಚಿಸಿ, "ಹಾಗಾದ್ರೆ ಚೀಟಿ ವಾಪಸ್ ಕೊಡಿ ಮಿಸ್" ಎಂದ. ಕೊಟ್ಟಿದ್ದೇನೆ. ಹೊಸ ಚೀಟಿ ಇನ್ನೂ ಬಂದಿಲ್ಲ.

ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ